ಕೆನ್ನೆ ನಡುಗಿದ್ದೇಕೆ?

ರಜನೀಕಾಂತ್ ಅಭಿನಯದ 2014ರ ‘ಕೋಚಡೈಯಾನ್’ ನೋಡಿದ್ದೀರಲ್ಲ? ನಟನ ಚಲನೆ ಹಿಡಿದು ಕಂಪ್ಯೂಟರ್ ಗೊಂಬೆಗೆ ತೊಡಿಸುವ ಮೋಷನ್ ಕ್ಯಾಪ್ಚರ್! ಅದರಲ್ಲೂ ಮುಖ ಹಿಡಿಯೋದು ಬಲು ನಾಜೂಕು. ಮೊನ್ನೆ ಬೆಂಗಳೂರಿನ ಸ್ಟುಡಿಯೋ ಒಂದರಲ್ಲಿ ಕಣ್ಣಾರೆ ಕಂಡೆ.

ಹಿರಿಯ ನಟರೊಬ್ಬರು (ಹೆಸರು ಬೇಡ ಬಿಡಿ) ಮುಖದ ತುಂಬ ಕಪ್ಪು ಚುಕ್ಕಿ ಇಡಿಸಿಕೊಂಡು ಆರು ಕ್ಯಾಮೆರಾಗಳ ಮುಂದೆ ಕೂತಿದ್ದರು. ಅವರು ಬಿಕ್ಕಿದರೆ ಸಾಕು, ಗೊಂಬೆಯ ಎಡಗೆನ್ನೆ ಕಿತ್ತುಬಂದಂತೆ ನಡುಗುತ್ತಿತ್ತು. ಚದುರಂಗದ ಮಣೆಯಂಥ ಹಲಗೆ ಹಿಡಿದು ಎರಡು ಸಲ ಕ್ಯಾಲಿಬ್ರೇಷನ್ ಮಾಡಿದ್ದಾಯ್ತು. ಊಹುಂ! “ಸುಕ್ಕು ಜಾಸ್ತಿ, ಅದಕ್ಕೇ” ಎಂದ ಒಬ್ಬ ಹುಡುಗ, ಅವರಿಗೆ ಕೇಳುವ ಹಾಗೇ. ನಾನು ಪೆನ್ನು ಮುಚ್ಚಿ ನೆಲ ನೋಡಿದೆ.

ಮಧ್ಯಾಹ್ನ ಬಂದ ಟೆಕ್ನೀಷಿಯನ್ ಹೆಣ್ಣುಮಗಳು ಕೇಳಿದ್ದು ಒಂದೇ ಪ್ರಶ್ನೆ: “ಸುಮ್ನೆ ಕೂತಾಗ ಕೆನ್ನೆ ಸರಿ ಇರತ್ತಾ?”

ಇರತ್ತೆ!

“ಕ್ಯಾಲಿಬ್ರೇಷನ್ ಕೆಟ್ಟಿದ್ರೆ ಆಗ್ಲೂ ಕೆಡ್ಬೇಕಿತ್ತು. ಇದು ಟೈಮಿಂಗ್ ತಪ್ಪು.”

ಪಿಯುಸಿ ಅರ್ಧಕ್ಕೆ ಬಿಟ್ಟ ನನಗೂ ಅರ್ಥವಾಯ್ತು ನೋಡ್ರಿ! ನಮ್ಮ ಹಳೇ ಕ್ಲಾಪ್ ಬೋರ್ಡನ್ನೇ ತರಿಸಿ ಹೊಡೆಸಿದಳು. ಒಂದೇ ನಂಬರಿನ ಫ್ರೇಮು. ಐದು ಕ್ಯಾಮೆರಾಗಳಲ್ಲಿ ಕ್ಲಾಪ್ ಮುಚ್ಚಿದೆ, ಆರನೆಯದರಲ್ಲಿ ಇನ್ನೂ ಬಾಯಿ ತೆರೆದಿದೆ! ಸೆಕೆಂಡಿಗೆ 60 ಫ್ರೇಮು. ಇದು ಎರಡೇ ಎರಡು ಫ್ರೇಮು ಹಿಂದೆ. ಯಾರೋ ಎಡವಿ ಸಿಂಕ್ ಕೇಬಲ್ ಸಡಿಲವಾಗಿತ್ತು.

ಕೇಬಲ್ ಬಿಗಿಯಾಯ್ತು. ಅವರು ಮತ್ತೆ ಅತ್ತರು, ಗೊಂಬೆಯೂ ಅತ್ತಿತು. ಆಮೇಲೆ ಚುಕ್ಕಿ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: “ನನ್ನ ಮುಖದ್ದೇನೂ ತಪ್ಪಿರಲಿಲ್ಲ ಅಲ್ವೇನಪ್ಪಾ?”