ಅಮ್ಮನ ರಕ್ತ, ನನ್ನ ಲ್ಯಾಬು

ಮೇ ತಿಂಗಳಲ್ಲಿ ಊರಿಗೆ ಹೋದಾಗ ಅಮ್ಮ ಹಿತ್ತಲ ಬಾಗಿಲಲ್ಲಿ ಕೂತು ಕರಿ ಇಶಾಡು ಹಿಂಡುತ್ತಿದ್ದಳು. 2023ರಲ್ಲಿ ಈ ಹಣ್ಣಿಗೆ ಜಿಐ ಮಾನ್ಯತೆ ಸಿಕ್ಕಿದ ಮೇಲೆ ಅಂಕೋಲೆಯವರಾದ ನಮಗೆ ಸ್ವಲ್ಪ ಗತ್ತು ಬಂದಿದೆ. ನಾನು ಬಟ್ಟಲು ತುಂಬ ರಸ ಕುಡಿದು ಮುಗಿಸುವುದನ್ನೇ ಕಾಯುತ್ತಿದ್ದವಳಂತೆ ಅಮ್ಮ ಕೇಳಿದಳು: "ನೀ ಅಲ್ಲಿ ಮಂದಿ ರಕ್ತದಲ್ಲಿ ಕ್ಯಾನ್ಸರ್ ಹುಡುಕ್ತಿ ಅಂದಿದ್ಯಲ್ಲ ಮಗಾ. ನಂದೂ ಒಂಚೂರು ತಕಂಡು ಹೋಗಿ ನೋಡು."

ನಾನು ನಕ್ಕೆ. ಅವಳು ನಗಲಿಲ್ಲ.

ಬೊಬ್ರುವಾಡದ ನಮ್ಮ ಮನೆಯಲ್ಲಿ ಕ್ಯಾನ್ಸರ್ ಎಂಬ ಶಬ್ದ ಬಂದರೆ ಎಲ್ಲರೂ ಅಜ್ಜಿ ಕೂರುತ್ತಿದ್ದ ಜಗಲಿಯ ಮೂಲೆಯನ್ನು ನೋಡುತ್ತೇವೆ. ಅಜ್ಜಿಗೆ ದಿನಕ್ಕೆ ಹತ್ತು ಹನ್ನೆರಡು ಕವಳ ಬೇಕಿತ್ತು. ಎಲೆ, ಅಡಿಕೆ, ಸುಣ್ಣ, ಜೊತೆಗೆ ಉಗುರಿನಷ್ಟು ತಂಬಾಕು. ಕೆನ್ನೆಯ ಒಳಗೊಂದು ಹುಣ್ಣು ಎದ್ದಾಗ ಸುಣ್ಣ ಹೆಚ್ಚಾಗಿ ಸುಟ್ಟಿದೆ ಎಂದುಕೊಂಡೆವು. ತೋರಿಸಿದ ಕಡೆ ಬಿ ಕಾಂಪ್ಲೆಕ್ಸ್ ಮಾತ್ರೆ ಕೊಟ್ಟರು. ಏಳೆಂಟು ತಿಂಗಳು ಹೀಗೇ ಹೋಯಿತು. ಕುತ್ತಿಗೆಯಲ್ಲಿ ಗಂಟು ಕೈಗೆ ಹತ್ತಿದ ಮೇಲೆ ಅರಬೈಲ ಘಟ್ಟ ಹತ್ತಿಸಿ ಹುಬ್ಬಳ್ಳಿಗೆ ಒಯ್ದೆವು. ಆಗ ನಾನು ಪಿಯುಸಿ. ಅಜ್ಜಿ ಮುಂದಿನ ಮಳೆಗಾಲ ನೋಡಲಿಲ್ಲ. ಪಿಎಚ್‌ಡಿಗೆ ಈ ವಿಷಯವನ್ನೇ ಯಾಕೆ ಆರಿಸಿಕೊಂಡಿರಿ ಎಂದು ಸಂದರ್ಶನದಲ್ಲಿ ಕೇಳಿದಾಗ ನಾನು ಇದನ್ನು ಹೇಳಲಿಲ್ಲ, ಬೇರೇನೋ ಘನವಾದದ್ದು ಹೇಳಿದೆ.

ನನ್ನ ಕೆಲಸ ಇಷ್ಟು. ರಕ್ತವನ್ನು ಫೈಕಾಲ್ ಎಂಬ ದ್ರವದ ಮೇಲೆ ನಿಧಾನಕ್ಕೆ ಸುರಿದು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಕೆಂಪು ಕಣಗಳು ತಳಕ್ಕಿಳಿಯುತ್ತವೆ, ಹಳದಿ ಪ್ಲಾಸ್ಮಾ ಮೇಲೆ ನಿಲ್ಲುತ್ತದೆ. ನಡುವೆ ನೀರಾದ ತೆಂಗಿನಹಾಲಿನಂಥ ತೆಳ್ಳನೆಯ ಬಿಳಿ ಪದರ. ಅದರಲ್ಲಿ ಲಿಂಫೋಸೈಟುಗಳಿರುತ್ತವೆ. ಆ ಪದರವನ್ನು ಪಿಪೆಟ್ಟಿನಲ್ಲಿ ಎತ್ತಿ, ಹೊಳೆಯುವ ಬಣ್ಣ ಅಂಟಿಸಿ, ಒಂದೊಂದೇ ಕೋಶವನ್ನು ಲೇಸರಿನ ಮುಂದೆ ಹಾಯಿಸಿ ಎಣಿಸುತ್ತೇವೆ.

ಎಣಿಸಿ ಸಿಗುವುದೇನು? ಗಡ್ಡೆ ಎಲ್ಲೋ ಮೂಲೆಯಲ್ಲಿ ಅಡಗಿದ್ದರೂ ಈ ಕೋಶಗಳು ಅದರ ಹತ್ತಿರ ಓಡಾಡಿ ಬಂದಿರಬಹುದು. ಪ್ರತಿ ಟಿ ಕೋಶಕ್ಕೂ ಒಂದು ಗ್ರಾಹಕ ಇರುತ್ತದೆ, ಕೋಶದಿಂದ ಕೋಶಕ್ಕೆ ಬೇರೆ ಬೇರೆ. ತನಗೆ ಹೊಂದುವ ವೈರಿ ಸಿಕ್ಕರೆ ಆ ಕೋಶ ತನ್ನಂಥವನ್ನೇ ಸಾವಿರಗಟ್ಟಲೆ ಹುಟ್ಟಿಸುತ್ತದೆ. ಬಹುಕಾಲ ಹೊಡೆದಾಡಿ ಸೋತರೆ ದಣಿಯುತ್ತದೆ. ದಣಿದ ಕೋಶದ ಮೈಮೇಲೆ ಪಿಡಿ-1 ಎಂಬ ಪ್ರೋಟೀನು ದಟ್ಟವಾಗಿ ಕಾಣುತ್ತದೆ. ಇಂಥ ಕಡಿವಾಣಗಳನ್ನು ಬಿಚ್ಚಿ ಕ್ಯಾನ್ಸರಿಗೆ ಚಿಕಿತ್ಸೆ ಕೊಡಬಹುದೆಂದು ತೋರಿಸಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಕಡಿವಾಣ ಬಿಚ್ಚುವುದು ಚಿಕಿತ್ಸೆಯ ಮಾತು. ಆ ದಣಿವನ್ನೇ ಓದಿ, ಗಡ್ಡೆ ಕಾಣುವ ಮೊದಲೇ ಸುಳಿವು ಹಿಡಿಯಬಹುದೇ ಎಂಬುದು ನಮ್ಮಂಥವರ ಆಸೆ.

ಬೇರೆ ದಾರಿಯಲ್ಲಿ ಹೋದವರೂ ಇದ್ದಾರೆ. ಬ್ರಿಟನ್ನಿನ ಬ್ರ್ಯಾಡ್‌ಫರ್ಡ್ ವಿಶ್ವವಿದ್ಯಾಲಯದ ಡಯಾನಾ ಆಂಡರ್ಸನ್ ಮತ್ತು ಜೊತೆಗಾರರು 2014ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ತುಂಬ ಇಷ್ಟ. 208 ಜನರ ಬಿಳಿ ರಕ್ತಕಣಗಳ ಮೇಲೆ ಅತಿನೇರಳೆ ಬೆಳಕು ಬಿಟ್ಟು, ಡಿಎನ್‌ಎ ಎಷ್ಟು ಒಡೆಯುತ್ತದೆ ಎಂದು ನೋಡಿದರು. ವಿದ್ಯುತ್ ಹರಿಸಿದಾಗ ಒಡೆದ ಡಿಎನ್‌ಎ ಧೂಮಕೇತುವಿನ ಬಾಲದಂತೆ ಹಿಂದೆ ಚಾಚುತ್ತದೆ. ಕ್ಯಾನ್ಸರ್ ಇದ್ದವರ ಕಣಗಳು ಆರೋಗ್ಯವಂತರವುಗಳಿಗಿಂತ ಹೆಚ್ಚು ಒಡೆದವು. ಮೊದಲ ಸಲ ಆ ಚಿತ್ರಗಳನ್ನು ನೋಡಿದ ದಿನ ನಾನು ಹಾಸ್ಟೆಲಿನ ಊಟ ಮರೆತಿದ್ದೆ.

ಆದರೆ 208 ಜನ ಒಂದು ತಾಲ್ಲೂಕಲ್ಲ. ಲಿಂಫೋಸೈಟು ದಣಿದಿದೆ ಎಂದಷ್ಟೇ ಹೇಳುತ್ತದೆ, ಯಾರ ಜೊತೆ ಹೊಡೆದಾಡಿ ದಣಿಯಿತು ಎಂದು ಸುಲಭಕ್ಕೆ ಬಾಯಿ ಬಿಡುವುದಿಲ್ಲ. ನಮ್ಮ ಜಿಲ್ಲೆಯ ಮಂದಿಯ ರಕ್ತವನ್ನೇ ನೆನೆಸಿಕೊಳ್ಳಿ. ಕ್ಷಯ, ಡೆಂಗಿ, ಸಿದ್ದಾಪುರದ ಕಡೆ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ, ಎಲ್ಲದರ ಗುರುತೂ ಅದೇ ಬಿಳಿ ಪದರದಲ್ಲಿ ಒಂದರ ಮೇಲೊಂದು ಬಿದ್ದಿರುತ್ತದೆ.

ಇನ್ನೊಂದು ಸಣ್ಣ ಲೆಕ್ಕವಿದೆ. ಹತ್ತು ಸಾವಿರ ಜನರಲ್ಲಿ 50 ಮಂದಿಗೆ ಕ್ಯಾನ್ಸರ್ ಇದೆ ಎಂದುಕೊಳ್ಳಿ. ರೋಗ ಇದ್ದವರಲ್ಲೂ ಇಲ್ಲದವರಲ್ಲೂ ನೂರಕ್ಕೆ 90 ಸಲ ಸರಿ ಹೇಳುವ ಪರೀಕ್ಷೆ ನಮ್ಮ ಕೈಲಿದೆ ಎಂದುಕೊಳ್ಳಿ. ಆಗ 45 ಮಂದಿ ಸಿಗುತ್ತಾರೆ, ಐವರು ತಪ್ಪಿಹೋಗುತ್ತಾರೆ. ಜೊತೆಗೆ ಏನೂ ಇಲ್ಲದ 995 ಮಂದಿಗೆ 'ಇದೆ' ಎಂಬ ಚೀಟಿ ಹೋಗುತ್ತದೆ. ಸೆಮಿನಾರಿನಲ್ಲಿ ಇದನ್ನು ನಾನು ಒಂದೇ ಸ್ಲೈಡಿನಲ್ಲಿ ದಾಟಿಬಿಡುತ್ತೇನೆ. ಆ 995 ಮಂದಿ ಅಂಕೋಲೆಯವರಾದರೆ? ಕಾರವಾರದಲ್ಲಿ 2016ರಿಂದ ವೈದ್ಯಕೀಯ ಕಾಲೇಜಿದೆ, ನಿಜ. ಆದರೂ ದೊಡ್ಡ ಕಾಯಿಲೆ ಎಂದರೆ ನಮ್ಮವರು ಮಣಿಪಾಲ, ಗೋವಾದ ಬಾಂಬೋಳಿ, ಹುಬ್ಬಳ್ಳಿ ಎಂದೇ ಬಸ್ಸು ಹತ್ತುವುದು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2019ರಲ್ಲಿ ಟ್ವಿಟರಿನಲ್ಲಿ, 2022ರಲ್ಲಿ ಬೀದಿಯಲ್ಲಿ ಕೂಗಿದ ಜಿಲ್ಲೆ ನಮ್ಮದು. ಗಡ್ಡೆ ಎಲ್ಲಿದೆ ಎಂದು ಹೇಳದ ಚೀಟಿ ಹಿಡಿದು, ಎರಡು ದಿನದ ಕೂಲಿ ಬಿಟ್ಟು, ಅವರು ಯಾವ ಬಸ್ಸು ಹತ್ತಬೇಕು?

ಅಮ್ಮನಿಗೆ ಇಷ್ಟೆಲ್ಲ ಹೇಳಲಿಲ್ಲ. "ಅದು ಇನ್ನೂ ಕಲಿಯುವ ಹಂತದ್ದು ಅಮ್ಮಾ, ಒಪ್ಪಿಗೆ ಪತ್ರ, ಸಮಿತಿ ಎಲ್ಲ ಬೇಕು, ಮನೆಯವರದ್ದು ಹಾಗೆಲ್ಲ ನೋಡ್ಲಿಕ್ಕೆ ಬರೂದಿಲ್ಲ" ಎಂದೆ. ಅದು ಸತ್ಯವೇ. ಅವಳ ಬಿಳಿ ಪದರದಲ್ಲಿ ನನಗೆ ಏನಾದರೂ ಕಂಡುಬಿಟ್ಟರೆ ಎಂಬ ಹೆದರಿಕೆಯೂ ಅಷ್ಟೇ ಸತ್ಯ.

"ಹಂಗಾರೆ ಐದು ವರ್ಷ ಎಂತ ಓದಿದ್ಯೇ?" ಎಂದಳು.

ಆ ಮಾತು ರಾತ್ರಿಯೆಲ್ಲ ಕಾಡಿತು. ಓದಿದ್ದರಲ್ಲೇ ಹುಡುಕುತ್ತ ಹೋದರೆ ನೆನಪಾದದ್ದು ಕೇರಳದ ಒಂದು ಅಧ್ಯಯನ. 1996ರಿಂದ ತಿರುವನಂತಪುರ ಜಿಲ್ಲೆಯಲ್ಲಿ ತರಬೇತಾದ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿ ತೆರೆಸಿ, ಬೆಳಕು ಹಿಡಿದು ನೋಡಿದರು. 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ, ತಂಬಾಕು ಅಥವಾ ಮದ್ಯದ ಚಟ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದು ಭಾಗ ಇಳಿದಿತ್ತು. ಲೇಸರ್ ಇಲ್ಲ, ಬಣ್ಣ ಇಲ್ಲ. ನಾನು ಇದನ್ನು ಎಂ.ಎಸ್ಸಿ.ಯಲ್ಲೇ ಓದಿದ್ದೆ. ಪರೀಕ್ಷೆಗೆ ಬರೆದು ಮರೆತಿದ್ದೆ. ಅಜ್ಜಿಯ ಬಾಯಿಯೊಳಗೆ ನಮ್ಮಲ್ಲಿ ಒಬ್ಬರೂ ಬೆಳಕು ಹಿಡಿದು ನೋಡಿರಲಿಲ್ಲ.

ಬೆಳಿಗ್ಗೆ ಅಮ್ಮನನ್ನು ಜಗಲಿಯ ಮೇಲೆ ಕೂರಿಸಿ ಮೊಬೈಲಿನ ಟಾರ್ಚು ಹಾಕಿದೆ. ಅವಳದೂ ಕವಳದ ಬಾಯಿಯೇ, ಅಜ್ಜಿಯಷ್ಟಲ್ಲ. ಬಲಗೆನ್ನೆ ಸರಿಯಿತ್ತು. ನಾಲಿಗೆಯ ಅಡಿ ಸರಿಯಿತ್ತು. ಎಡಗೆನ್ನೆಯಲ್ಲಿ, ಅವಳು ಕವಳ ಒತ್ತಿಟ್ಟುಕೊಳ್ಳುವ ಜಾಗದಲ್ಲಿ, ನಾಲ್ಕಾಣೆಯಷ್ಟು ಬಿಳಿ ಮಚ್ಚೆ. ಒದ್ದೆ ಬಟ್ಟೆಯಿಂದ ಒರೆಸಿದೆ. ಹೋಗಲಿಲ್ಲ.

ಇಂಥ ಮಚ್ಚೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಕೈ ನಡುಗುವುದು ಮಾತ್ರ ನಿಲ್ಲಲಿಲ್ಲ. ಪೇಟೆಯ ದಂತವೈದ್ಯರು ನೋಡಿ, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹನ್ನೊಂದು ದಿನಕ್ಕೆ ವರದಿ ಬಂತು: ಕ್ಯಾನ್ಸರ್ ಇಲ್ಲ, ಕವಳ ಬಿಡಬೇಕು, ಆಗಾಗ ತೋರಿಸುತ್ತಿರಬೇಕು. ಕವಳ ಬಿಟ್ಟಿದ್ದೇನೆ ಎನ್ನುತ್ತಾಳೆ. ವಿಡಿಯೋ ಕಾಲಿನಲ್ಲಿ ನಾನು ಬಾಯಿ ತೆರೆ ಎಂದರೆ ನೆಟ್‌ವರ್ಕ್ ಸರಿ ಇಲ್ಲ ಎನ್ನುತ್ತಾಳೆ.

ನಾನು ಬೆಂಗಳೂರಿಗೆ ಹೊರಡುವ ದಿನ ಪಕ್ಕದ ಮನೆಯ ಅತ್ತೆ ಬಂದು, "ನಂದೂ ಒಂದ್ಸಲ ನೋಡೇ ತಂಗೀ" ಎಂದು ಜಗಲಿಯ ಮೇಲೆ ಕೂತರು. ಅವರ ಹಿಂದೆ ಅವರ ಅಕ್ಕ, ಅವರ ಹಿಂದೆ ಮೀನಿನ ಬುಟ್ಟಿ ಇಳಿಸಿದ ಇನ್ನೊಬ್ಬರು. ಬಸ್ಸಿಗೆ ಇನ್ನೂ ಮುಕ್ಕಾಲು ತಾಸಿತ್ತು, ಮೊಬೈಲಿನಲ್ಲಿ ಒಂಬತ್ತು ಪರ್ಸೆಂಟ್ ಚಾರ್ಜು. ಅಮ್ಮ ಒಳಗಿಂದ ಚಾರ್ಜರ್ ತಂದಳು.