ವೆರ್ಣಾದಿಂದ ಕಡಲಿನೆಡೆಗೆ

ದಕ್ಷಿಣ ಗೋವೆಯ ಸಾಷ್ಟಿ ತಾಲೂಕಿನ ವೆರ್ಣಾ, ಜಂಬಿಟ್ಟಿಗೆ ನೆಲದ ಎತ್ತರದ ಬಯಲು. ಇಂದು ಅಲ್ಲಿ ಕಾರ್ಖಾನೆಗಳ ಸಾಲು. ಮಹಾಲಸಾ ದೇವಿಯ ಮೂಲಸ್ಥಾನವೂ ಇದೇ. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಗುಡಿಯನ್ನು ಕೆಡಹುವ ಮುನ್ನವೇ ಭಕ್ತರು ವಿಗ್ರಹವನ್ನು ಜುವಾರಿ ನದಿಯಾಚೆಯ ಮಾರ್ದೋಳಕ್ಕೆ ಸಾಗಿಸಿದರು. ಅಪಾಯದ ಅರಿವು ಸಕಾಲಕ್ಕೆ ದೊರೆತುದರಿಂದ ದೇವಿಯು ಉಳಿದಳು.

ಪಶ್ಚಿಮದ ಕಡಲಿನಲ್ಲೂ ಇದೇ ನ್ಯಾಯ. ಆರಿದ ದೀಪಸ್ತಂಭ, ಮುಳುಗಿದ ಹಡಗು, ನೌಕಾಪಡೆಯ ಗುಂಡಿನ ಅಭ್ಯಾಸ ಮೊದಲಾದವುಗಳ ವರದಿ ಡೆಹ್ರಾಡೂನಿನ ರಾಷ್ಟ್ರೀಯ ಹೈಡ್ರೋಗ್ರಾಫಿಕ್ ಕಚೇರಿಗೆ ಸೇರುತ್ತದೆ. ಜಗತ್ತಿನ ಸಮುದ್ರಗಳನ್ನು 21 ವಲಯಗಳಾಗಿ ವಿಂಗಡಿಸಲಾಗಿದ್ದು, 8ನೆಯ ವಲಯದ ಹೊಣೆ ಭಾರತದ್ದು. ಕಡಲೇ ಕಾಣದ ಆ ಬೆಟ್ಟದೂರಿನಿಂದ ಹೊರಟ ಎಚ್ಚರಿಕೆ ದೂರದ ಹಡಗುಗಳಿಗೆ ಉಪಗ್ರಹದ ಮೂಲಕ ಮುಟ್ಟುತ್ತದೆ. ತೀರದ ಸಮೀಪದವುಗಳಿಗೆ 518 ಕಿಲೋಹರ್ಟ್ಸ್ ರೇಡಿಯೊ ಅಲೆಯ ‘ನ್ಯಾವ್‌ಟೆಕ್ಸ್’ ಮುಟ್ಟಿಸುತ್ತದೆ. ಗೋವೆಗೆ ಹತ್ತಿರದ ಪ್ರಸಾರ ಕೇಂದ್ರ ವೆಂಗುರ್ಲೆಯದು. ಹಡಗಿನ ಯಂತ್ರವು ಸಂದೇಶವನ್ನು ತಾನಾಗಿಯೇ ಸ್ವೀಕರಿಸುತ್ತದೆ. ಅಪಾಯದ ಸುದ್ದಿಯನ್ನು ಬೇಡವೆನ್ನಲು ನಾವಿಕನಿಗೂ ಅವಕಾಶವಿಲ್ಲ.

ಆದರೆ ಅಂತರರಾಷ್ಟ್ರೀಯ ನಿಯಮವು ಈ ಯಂತ್ರವನ್ನು ಕಡ್ಡಾಯಗೊಳಿಸಿರುವುದು ದೊಡ್ಡ ಹಡಗುಗಳಿಗೆ, ಮೀನುಗಾರರ ದೋಣಿಗಳಿಗಲ್ಲ. ದಡದ ಮಾತು ದೋಣಿಗೆ ಮುಟ್ಟಿದರಷ್ಟೇ ಸಾಲದು. ದೋಣಿಯ ಕೂಗೂ ದಡಕ್ಕೆ ಕೇಳಬೇಕು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿ ಏಳು ಮೀನುಗಾರರೊಡನೆ ಕಣ್ಮರೆಯಾಯಿತು. ಅದರ ಅವಶೇಷ ಗೋವೆಯ ಉತ್ತರಕ್ಕೆ, ಮಾಲ್ವಣದ ಕಡಲಾಳದಲ್ಲಿ ದೊರೆತದ್ದು 2019ರ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಏಳು ಮನೆಗಳು ಒಂದು ಸುದ್ದಿಗಾಗಿ ಕಾದಿದ್ದವು.