ಮೇಕ್ ಯಾರ ಮಾತು ಕೇಳುತ್ತದೆ?

• ಫೋಲ್ಡರಿನಲ್ಲಿ ಹಲೋ.ಸಿ ಎಂಬ ಒಂದೇ ಫೈಲು. ಪ್ರೋಗ್ರಾಂ ಕಟ್ಟುವ ಸಾಧನವಾದ ಮೇಕ್‌ಗೆ ಆಜ್ಞೆಗಳನ್ನು ತಿಳಿಸುವ ಮೇಕ್‌ಫೈಲ್ ಇಲ್ಲ. ಆದರೂ ‘ಮೇಕ್ ಹಲೋ’ ಎಂದು ಟೈಪಿಸಿದರೆ ಪ್ರೋಗ್ರಾಂ ಸಿದ್ಧ. ಯಾರೂ ಬರೆಯದ ಆಜ್ಞೆ ಎಲ್ಲಿಂದ ಬಂತು?

• ಉತ್ತರ ಮೇಕ್‌ನೊಳಗೇ ಇದೆ. ‘ಮೇಕ್ -ಪಿ’ ಎಂದರೆ ಗ್ನೂ ಮೇಕ್ ತನ್ನ ಅಂತರ್ಗತ ನಿಯಮಗಳನ್ನೆಲ್ಲ ಪರದೆಯ ಮೇಲೆ ಸುರಿಯುತ್ತದೆ. ಸಿ, ಸಿ++ ಇರುವುದು ಸರಿ. ಫೋರ್ಟ್ರಾನ್, ಪಾಸ್ಕಲ್, ಮಾಡ್ಯುಲಾ-2 ಕೂಡ ಇವೆ. 2005ರಲ್ಲಿ ಗಿಟ್ ಬರುವುದಕ್ಕೆ ಎಷ್ಟೋ ಮೊದಲಿನ ಎಸ್‌ಸಿಸಿಎಸ್, ಆರ್‌ಸಿಎಸ್ ಎಂಬ ಆವೃತ್ತಿ ನಿಯಂತ್ರಣ ವ್ಯವಸ್ಥೆಗಳಿಂದ ಫೈಲು ತರುವ ನಿಯಮಗಳೂ ಇವೆ. ಮೂಲ ಮೇಕ್ ಅನ್ನು ಸ್ಟುವರ್ಟ್ ಫೆಲ್ಡ್‌ಮನ್ ಬೆಲ್ ಲ್ಯಾಬ್ಸ್‌ನಲ್ಲಿ ಬರೆದದ್ದು 1976ರಲ್ಲಿ. ಆ ಕಾಲದ ರೂಢಿಗಳು ಇಂದಿನ ಲ್ಯಾಪ್‌ಟಾಪಿನಲ್ಲೂ ಜೀವಂತ.

• ಈ ನಿಯಮಗಳು ಬೇಡವಾದರೆ? ಸಣ್ಣಕ್ಷರದ ‘-ಆರ್’ ಹಾಕಿದರೆ ಅಂತರ್ಗತ ನಿಯಮಗಳು ಹೋಗುತ್ತವೆ. ದೊಡ್ಡಕ್ಷರದ್ದು ಹಾಕಿದರೆ ಮೊದಲೇ ಬೆಲೆ ತುಂಬಿಟ್ಟ ವೇರಿಯಬಲ್‌ಗಳೂ ಹೋಗುತ್ತವೆ. ಒಂದೇ ಒಂದು ಪ್ಯಾಟರ್ನ್ ನಿಯಮ ತೆಗೆಯಬೇಕೆಂದರೆ ಅದರ ತಲೆಸಾಲನ್ನು ಬರೆದು, ಕೆಳಗೆ ಆಜ್ಞೆಯನ್ನೇ ಕೊಡದೆ ಬಿಡಬೇಕು. ತೆಗೆಯುವುದಕ್ಕೂ ಬರೆಯಲೇಬೇಕು!

• ನನ್ನನ್ನು ಹೆಚ್ಚು ಕಾಡಿದ್ದು ಇದು. ಮೇಕ್‌ಫೈಲ್‌ನಲ್ಲಿ ‘ಸಿಸಿ ?= ಕ್ಲ್ಯಾಂಗ್’ ಎಂಬ ಸಾಲಿದೆ. ಸಿಸಿ ಎಂದರೆ ಯಾವ ಸಿ ಕಂಪೈಲರ್ ಓಡಿಸಬೇಕೆಂದು ಹೇಳುವ ವೇರಿಯಬಲ್; ಕ್ಲ್ಯಾಂಗ್ ಅಂಥದೊಂದು ಕಂಪೈಲರ್. ?= ಎಂದರೆ, ವೇರಿಯಬಲ್ ಇನ್ನೂ ಇಲ್ಲದಿದ್ದರೆ ಮಾತ್ರ ಈ ಬೆಲೆ ಕೊಡು ಎಂದರ್ಥ. ಸಿಸಿಯನ್ನು ಬೇರೆಲ್ಲೂ ಬರೆದಿಲ್ಲ. ಆದರೂ ಕ್ಲ್ಯಾಂಗ್ ಓಡುವುದಿಲ್ಲ, ದೋಷದ ಸೂಚನೆಯೂ ಬರುವುದಿಲ್ಲ.

• ಕಾರಣ ಸಿಕ್ಕಿತು. ದೊಡ್ಡಕ್ಷರದ ಸಿಸಿ ವೇರಿಯಬಲ್‌ಗೆ ಮೇಕ್ ತಾನೇ ಸಣ್ಣಕ್ಷರದ ‘ಸಿಸಿ’ ಎಂಬ ಬೆಲೆ ಕೊಟ್ಟಿರುತ್ತದೆ. ಹಾಗಾಗಿ ?= ಸುಮ್ಮನೆ ಹಿಂದೆ ಸರಿಯುತ್ತದೆ. ಬೆಲೆ ಎಲ್ಲಿಯದು ಎಂದು ‘ಒರಿಜಿನ್’ ಫಂಕ್ಷನ್ ಹೇಳುತ್ತದೆ. ಅದು ‘ಡಿಫಾಲ್ಟ್’ ಎಂದರೆ ಮಾತ್ರ ಕ್ಲ್ಯಾಂಗ್ ಇಡು ಎಂದು ಷರತ್ತು ಬರೆದರೆ ಆಯಿತು.

• ಒಂದೇ ವೇರಿಯಬಲ್‌ಗೆ ಹಲವು ಕಡೆಯಿಂದ ಬೆಲೆ ಬಂದರೆ ಅಧಿಕಾರದ ಮೆಟ್ಟಿಲುಗಳು ಕೆಳಗಿನಿಂದ: ಡಿಫಾಲ್ಟ್, ಎನ್ವಿರಾನ್‌ಮೆಂಟ್, ಮೇಕ್‌ಫೈಲ್, ಕಮಾಂಡ್ ಲೈನ್. ‘-ಇ’ ಹಾಕಿದರೆ ಎನ್ವಿರಾನ್‌ಮೆಂಟ್ ಮೇಕ್‌ಫೈಲನ್ನು ಮೀರುತ್ತದೆ. ಎಲ್ಲಕ್ಕೂ ಮೇಲೆ ಮೇಕ್‌ಫೈಲ್‌ನಲ್ಲಿ ಬರೆಯುವ ‘ಓವರ್‌ರೈಡ್’. ಬಳಕೆದಾರ ಕೊಟ್ಟ ಆಯ್ಕೆಗಳ ಜೊತೆ ತೀರಾ ಅಗತ್ಯವಾದದ್ದನ್ನು ಸೇರಿಸುವುದಕ್ಕೆ ಅದಿರುವುದು. ಅವನ ಬಾಯಿ ಮುಚ್ಚಿಸುವುದಕ್ಕಲ್ಲ.

• ಈ ಕ್ರಮ ನ್ಯಾಯವಾದದ್ದು. ಸಾಧನ ಮಾಡಿದವರಿಗೆ ನಮ್ಮ ಯಂತ್ರ ಗೊತ್ತಿಲ್ಲ. ಅದರ ಮುಂದೆ ಕೂತವರಿಗೆ ಗೊತ್ತು. ಮೇಕ್‌ಫೈಲ್ ಬರೆಯುವವರೇ, ಡಿಫಾಲ್ಟನ್ನು ಧಾರಾಳವಾಗಿ ಬದಲಿಸಿ. ಕೊನೆಯ ಮಾತನ್ನು ಮಾತ್ರ ಬಳಸುವವರಿಗೆ ಬಿಡಿ.